ಡೆಂಗಿ ತಡೆಯಬೇಕೆ? ಡ್ರಮ್ಮಿನ ಒಳಗೋಡೆ ಉಜ್ಜಿ

ಡೆಂಗಿ ವೈರಸ್ಸನ್ನೇ ಕೊಲ್ಲುವ ಔಷಧಿ ಆಸ್ಪತ್ರೆಗಳಲ್ಲಿಲ್ಲ. ಅಲ್ಲಿ ಸಿಗುವುದು ಜ್ವರದ ಮಾತ್ರೆ, ಡ್ರಿಪ್ಸು, ನಿಗಾ. ಹಾಗಾಗಿ ಕೆಲಸ ಮನೆಯ ನೀರಿನ ಡ್ರಮ್ಮಿನಿಂದಲೇ ಶುರುವಾಗಬೇಕು.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆ ಗೋಡೆಗೆ ಅಂಟಿಸಿ. ಬರೀ ನೀರು ಚೆಲ್ಲಿದರೆ ಅವು ಹೋಗುವುದಿಲ್ಲ. ಒಣಗಿಯೂ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ತುಂಬಿದಾಗ ಮರಿಯಾಗುತ್ತವೆ. ಎಷ್ಟೋ ಮನೆಗಳಲ್ಲಿ ಎಡವುವುದು ಇಲ್ಲೇ. ಗಟ್ಟಿ ಬ್ರಷ್ಷಿನಿಂದ ಒಳಗೋಡೆಯನ್ನು ಅಂಚಿನವರೆಗೂ ಉಜ್ಜಿ, ತೊಳೆದು, ಆ ನೀರನ್ನು ಒಣನೆಲಕ್ಕೆ ಚೆಲ್ಲಿ. ಮೊಟ್ಟೆಯೊಡೆದು ಸೊಳ್ಳೆಯಾಗಲು 8-10 ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಉಜ್ಜುವುದನ್ನು ತಪ್ಪಿಸಲೇಬೇಡಿ. ಮುಚ್ಚಳ ಸಡಿಲವಿದ್ದರೆ ಬಟ್ಟೆ ಬಿಗಿದು ಕಟ್ಟಿ.

ಫ್ರಿಜ್ಜಿನ ಹಿಂದಿನ ತಟ್ಟೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪುಗಳನ್ನೂ ನೋಡಿ. ಈ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ. ಮಧ್ಯಾಹ್ನ ಮಲಗುವ ಕೂಸಿಗೂ ಸೊಳ್ಳೆಪರದೆ ಬೇಕು.