ಮೊದಲು ಬೆಟ್ಟ, ಆಮೇಲೆ ದೈತ್ಯ

ನಮ್ಮ ಚಿತ್ರಕಲಾ ತರಗತಿಯಲ್ಲಿ ಎಣ್ಣೆಬಣ್ಣದ ನಕಲು ಅಭ್ಯಾಸಕ್ಕೆ ಇಂಗ್ಲಿಷ್ ಚಿತ್ರಕಾರ ಟರ್ನರ್‌ನ ‘ಯೂಲಿಸಿಸ್ ಡಿರೈಡಿಂಗ್ ಪಾಲಿಫೀಮಸ್’ ಕೊಡುತ್ತಿದ್ದರು. ಈಗ ಅದೇ ಸ್ಟ್ಯಾಂಡಿನ ಮುಂದೆ ನಿಂತಿರುವವರಿಗೆ ನೆರವಾಗಲೆಂದು ಆ ಪಾಠವನ್ನು ನೆನಪಿಸಿಕೊಂಡು ಬರೆಯುತ್ತಿದ್ದೇನೆ.

1829ರ ಈ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕಥೆ ಗ್ರೀಕ್ ಕವಿ ಹೋಮರನದು: ಒಕ್ಕಣ್ಣ ದೈತ್ಯ ಪಾಲಿಫೀಮಸನ ಕಣ್ಣು ಚುಚ್ಚಿ ಪಾರಾದ ಯೂಲಿಸಿಸ್ ಹಡಗಿನಿಂದ ಅವನನ್ನು ಹಂಗಿಸುತ್ತಾನೆ. ಆದರೆ ಕಣ್ಣಿಗೆ ಮೊದಲು ಬೀಳುವುದು ಸೂರ್ಯೋದಯ. ದೈತ್ಯನನ್ನು ಹುಡುಕಬೇಕು. ಎಡಗಡೆ ಬೆಟ್ಟದ ನೆತ್ತಿಯಲ್ಲಿ ಮೋಡವೋ ಮೈಯೋ ತಿಳಿಯದಂತೆ ಹೊರಳಾಡುತ್ತಿದ್ದಾನೆ. ಮೊದಲೇ ಪೆನ್ಸಿಲ್‌ನಲ್ಲಿ ಅವನ ಆಕಾರ ಕೊರೆದಿಟ್ಟರೆ ನಕಲು ಅಲ್ಲಿಗೇ ಕೆಟ್ಟಿತು. ಬೆಟ್ಟಕ್ಕೆ ಅಂಟಿಸಿದ ಗೊಂಬೆಯಾಗುತ್ತಾನೆ. ಬೆಟ್ಟ, ಮಂಜು ಬರೆದು, ಬಣ್ಣ ಹಸಿಯಿರುವಾಗಲೇ ಬಟ್ಟೆಯಿಂದ ಒರೆಸಿ ಅವನ ಹೆಗಲನ್ನು ಹೊರತೆಗೆಯಬೇಕು.

ಮೂಲದ ಅಳತೆ 132.5 × 203.5 ಸೆಂ.ಮೀ. ಎತ್ತರ 40ಕ್ಕೆ ಇಳಿಸಿದರೆ ಅಗಲ ಸುಮಾರು 61.5 ಬರುತ್ತದೆ. 40 × 60ರ ಸಿದ್ಧ ಕ್ಯಾನ್ವಾಸ್ ತಂದವರು ಸೂರ್ಯನಿರುವ ಬಲಬದಿಯನ್ನು ಮಾತ್ರ ಕತ್ತರಿಸಬೇಡಿ.

ತಳ ಬಿಳಿಯೇ ಇರಲಿ. ತೆಳು ಹಳದಿ ಪದರದ ಒಳಗಿಂದ ಬೆಳಕು ಹೊಮ್ಮುವುದು ಆ ಬಿಳಿಯಿಂದ. ಆಕಾಶವನ್ನು ಸೂರ್ಯನ ಸುತ್ತಲಿಂದ ಶುರುಮಾಡಿ. ಹೆಚ್ಚಿನವರ ಆಕಾಶ ಮೊದಲ ದಿನವೇ ಹಸಿರಾಗುತ್ತದೆ, ಹಸಿ ಹಳದಿಗೆ ನೀಲಿ ತಗುಲುವುದರಿಂದ. ಎರಡರ ನಡುವೆ ಎರಡು ಬೆರಳಗಲ ಜಾಗ ಬಿಟ್ಟು, ಅಲ್ಲಿ ಗುಲಾಬಿ ಬೆರೆತ ಕಿತ್ತಳೆ ತುಂಬಿ. ಕೆಳಪದರಕ್ಕೆ ಟರ್ಪೆಂಟೈನ್ ಹೆಚ್ಚು, ಮೇಲಿನದಕ್ಕೆ ಅಗಸೆ ಎಣ್ಣೆ ಹೆಚ್ಚು. ಇದು ತಿರುವುಮುರುವಾದರೆ ಮೇಲ್ಪದರ ಬಿರುಕು ಬಿಡುತ್ತದೆ, ಏಕೆಂದರೆ ಎಣ್ಣೆ ಹೆಚ್ಚಿರುವ ಕೆಳಪದರ ತಡವಾಗಿ ಒಣಗುತ್ತದೆ. ಹಡಗಿನ ಕಪ್ಪನ್ನು ಕೊನೆಗೆ ಹಾಕಿ.

ಹಡಗಿನ ಮೂತಿಯ ಹತ್ತಿರದ ಜಲಕನ್ಯೆಯರನ್ನು ಮಾತ್ರ ನಿಧಾನವಾಗಿ ನೋಡಬೇಕು. ಅವರಿಗೆ ಗೆರೆಯಿಲ್ಲ, ನೊರೆಯೇ ಮೈ. ಹಣೆಯ ಮೇಲೆ ಒಂದೊಂದು ನಕ್ಷತ್ರ. ಒಣ ಕುಂಚದಲ್ಲಿ ಬಿಳಿಯನ್ನು ತೇಲಿಸಿ, ನಕ್ಷತ್ರಕ್ಕೆ ಮಾತ್ರ ದಪ್ಪ ಚುಕ್ಕೆ ಇಟ್ಟರೆ ಸಾಕು. ಕಣ್ಣು ಮೂಗು ಬರೆದರೆ ಕನ್ಯೆಯರೂ ಹೋದರು, ಸಮುದ್ರವೂ ಹೋಯಿತು.

ಸೂರ್ಯನನ್ನು ಎಳೆಯುವ, ಗ್ರೀಕರ ದೇವತೆ ಅಪೋಲೋನ ಕುದುರೆಗಳೂ ಅಲ್ಲಿವೆ. ಅಥೆನ್ಸಿನ ಪ್ರಾಚೀನ ದೇಗುಲ ಪಾರ್ಥೆನಾನ್‌ನ ಶಿಲ್ಪಗಳನ್ನು ನೆನಪಿಸುವ ಈ ಕುದುರೆಗಳು ಮೂಲದಲ್ಲೇ ಮಾಸಿವೆ, ಮುದ್ರಿತ ಪ್ರತಿಯಲ್ಲಂತೂ ಕಾಣುವುದೇ ಕಷ್ಟ. ಹಾಗೆಂದು ಬಿಟ್ಟುಬಿಡಬೇಡಿ. ಸುತ್ತಲಿನ ಹಳದಿಗಿಂತ ಕೂದಲೆಳೆಯಷ್ಟು ತಿಳಿಯಾದ ಬಣ್ಣದಲ್ಲಿ ಕತ್ತುಗಳ ಬಾಗನ್ನಷ್ಟೇ ಎಳೆದು, ಬೆರಳಿನಿಂದ ಒಮ್ಮೆ ಸವರಿ.