‘ಸಿನ್ಸ್’ ಮತ್ತು ‘ಫಾರ್’: ನಮ್ಮ ‘ಇಂದ’ ಎರಡಾಗುವ ಕಡೆ

‘ಹತ್ತು ವರ್ಷಗಳಿಂದ ಮೈಸೂರಿನಲ್ಲಿದ್ದೇನೆ’ ಎಂದೂ ‘2015ರಿಂದ ಮೈಸೂರಿನಲ್ಲಿದ್ದೇನೆ’ ಎಂದೂ ನಾವು ಒಂದೇ ಪ್ರತ್ಯಯವನ್ನು ಬಳಸಿ ಹೇಳುತ್ತೇವೆ. ಹತ್ತು ವರ್ಷ ಎಂಬುದು ಅವಧಿ, 2015 ಎಂಬುದು ಆರಂಭದ ಗುರುತು. ತೃತೀಯಾ ವಿಭಕ್ತಿಯ ‘ಇಂದ’ ಈ ಭೇದವನ್ನು ಗಣಿಸುವುದಿಲ್ಲ. ಇಂಗ್ಲಿಷ್ ಗಣಿಸುತ್ತದೆ. ಅಲ್ಲಿ ಅವಧಿಗೆ ‘ಫಾರ್ ಟೆನ್ ಇಯರ್ಸ್’, ಆರಂಭಕ್ಕೆ ‘ಸಿನ್ಸ್ 2015’. ನಮ್ಮವರು ‘ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎನ್ನುವಾಗ ಮಾತನಾಡುತ್ತಿರುವುದು ಕನ್ನಡದ ವ್ಯಾಕರಣವೇ ಹೊರತು ಅಜ್ಞಾನವಲ್ಲ. ಜರ್ಮನ್ ಮತ್ತು ಫ್ರೆಂಚ್ ಭಾಷೆಗಳೂ ಒಂದೊಂದೇ ಪದದಿಂದ ಎರಡನ್ನೂ ಹೇಳುವುದರಿಂದ ಆ ಭಾಷಿಕರೂ ಇದೇ ಜಾಗದಲ್ಲಿ ಎಡವುತ್ತಾರೆ.

ಅವಧಿಯೋ ಆರಂಭವೋ ಎಂಬ ನಿಯಮವನ್ನು ಶಾಲೆಯಲ್ಲಿ ಬಿಟ್ಟಸ್ಥಳ ತುಂಬಿಸಿ ಕಲಿಸುತ್ತಾರೆ. ಅಷ್ಟೇ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ನಿಜವಾದ ತೊಡಕು ಇರುವುದು ಕ್ರಿಯಾಪದದಲ್ಲಿ. ಕನ್ನಡದಲ್ಲಿ ‘ಹತ್ತು ವರ್ಷ ಮೈಸೂರಿನಲ್ಲಿದ್ದೆ’ ಎಂದರೆ ಆ ವಾಸ ಮುಗಿದಿದೆ. ‘ಹತ್ತು ವರ್ಷದಿಂದ ಇದ್ದೇನೆ’ ಎಂದರೆ ಇನ್ನೂ ನಡೆದಿದೆ. ಇಲ್ಲಿ ನಾಮಪದಕ್ಕೆ ‘ಇಂದ’ ಸೇರುತ್ತದೆ, ಕ್ರಿಯಾಪದ ಸರಳವಾದ ವರ್ತಮಾನದಲ್ಲಿರುತ್ತದೆ. ಇಂಗ್ಲಿಷಿನಲ್ಲಾದರೋ ಎರಡೂ ಕಡೆ ‘ಫಾರ್ ಟೆನ್ ಇಯರ್ಸ್’ ಹಾಗೆಯೇ ಉಳಿದು, ‘ಐ ಲಿವ್ಡ್’ ಎಂದರೆ ಮುಗಿದದ್ದು, ‘ಐ ಹ್ಯಾವ್ ಲಿವ್ಡ್’ ಎಂದರೆ ಸಾಮಾನ್ಯವಾಗಿ ಇಂದಿಗೂ ಮುಂದುವರಿದಿರುವುದು ಎಂದು ಕ್ರಿಯಾಪದವೊಂದೇ ತಿಳಿಸಬೇಕಾಗುತ್ತದೆ. ಆದ್ದರಿಂದ ‘ಸಿನ್ಸ್’ ತೆಗೆದು ‘ಫಾರ್’ ಹಾಕಿ, ‘ಐ ಆ್ಯಮ್ ಲಿವಿಂಗ್’ ಎಂಬುದನ್ನು ಹಾಗೆಯೇ ಬಿಟ್ಟರೆ ವಾಕ್ಯ ಅರ್ಧ ಮಾತ್ರ ತಿದ್ದಿದಂತಾಗುತ್ತದೆ; ‘ಐ ಹ್ಯಾವ್ ಬೀನ್ ಲಿವಿಂಗ್’ ಎಂದಾಗಲೇ ಅದು ಪೂರ್ಣ. ಮೊದಲು ಕ್ರಿಯಾಪದವನ್ನು ಕಲಿಸಿ, ಆಮೇಲೆ ಈ ಎರಡು ಪದಗಳಿಗೆ ಬರುವುದು ಮೇಲು.

‘ಸಿನ್ಸ್’ಗೆ ಇನ್ನೊಂದು ಮುಖವಿದೆ. ‘ಅದಾದ ಮೇಲೆ’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದ ಅದು, ಕಾಲದ ಜೊತೆಗೆ ಕಾರಣವನ್ನೂ ಸೂಚಿಸುತ್ತದೆ. ಹೀಗಾಗಿ ‘ಸಿನ್ಸ್ ಹೀ ಲೆಫ್ಟ್, ಐ ಹ್ಯಾವ್ ಬೀನ್ ವರ್ಕಿಂಗ್ ಅಲೋನ್’ ಎಂಬುದಕ್ಕೆ ಎರಡು ಅರ್ಥ ಬರಬಹುದು. ನಮ್ಮ ‘ಇಂದ’ವೂ ಎರಡೂ ಕೆಲಸಗಳಿಗೆ ಒದಗುತ್ತದೆಯಾದರೂ, ‘ಅವನು ಹೋದಾಗಿನಿಂದ’ ಮತ್ತು ‘ಅವನು ಹೋದದ್ದರಿಂದ’ ಎಂದು ನಾವು ಬೇರೆ ಮಾಡಿ ಹೇಳಬಲ್ಲೆವು. ಈ ಒಂದು ವಿಷಯದಲ್ಲಿ ಕನ್ನಡವೇ ಹೆಚ್ಚು ನಿಖರ ಎಂದು ನನಗನಿಸುತ್ತದೆ. ‘ನಾನು ಬಂದು ಹತ್ತು ವರ್ಷವಾಯಿತು’ ಎನ್ನಲು ‘ಇಟ್ ಈಸ್ ಟೆನ್ ಇಯರ್ಸ್ ಸಿನ್ಸ್ ಐ ಕೇಮ್’ ಎಂಬ ವಾಕ್ಯವೂ ಸರಿಯೇ. ಹತ್ತು ವರ್ಷದ ಪಕ್ಕದಲ್ಲೇ ‘ಸಿನ್ಸ್’ ಬಂದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ: ಅದು ಅಂಟಿರುವುದು ವರ್ಷಗಳಿಗಲ್ಲ, ‘ಐ ಕೇಮ್’ ಎಂಬ ಆರಂಭಕ್ಕೆ.

‘ಸೋಮವಾರದಿಂದ ರಜೆಯಲ್ಲಿರುತ್ತೇನೆ’ ಎಂಬಂತೆ ಮುಂದೆ ಆರಂಭವಾಗುವುದನ್ನು ಹೇಳಲು ಮಾತ್ರ ‘ಸಿನ್ಸ್’, ‘ಫಾರ್’ ಎರಡೂ ಸಲ್ಲವು. ಅಲ್ಲಿ ‘ಫ್ರಮ್ ಮಂಡೇ’ ಎನ್ನಬೇಕು.