ಸೋರ್ಸ್ ಏನು ಅಂತ ಕೇಳಿದರು

“ಈ ನಂಬರಿಗೆ ಸೋರ್ಸ್ ಏನು?”

“ನಾನೇ, ಸರ್.”

ಶನಿವಾರ ಮಧ್ಯಾಹ್ನ ಕೇಳಿದ ಮಾತು. ಇವತ್ತು ಬುಧವಾರ. ಇನ್ನೂ ಕಿವಿ ಬಿಟ್ಟು ಹೋಗಿಲ್ಲ. ಸೊಸೈಟಿಗೆ ಹೋಗಿ ಲೆಡ್ಜರ್ ತೆರೆದರೂ ಅದೇ, ರಾತ್ರಿ ಅನ್ನಕ್ಕಿಟ್ಟು ಒಲೆ ಮುಂದೆ ನಿಂತರೂ ಅದೇ. ಬರೆದರೆ ಸ್ವಲ್ಪ ಹಗುರಾಗಬಹುದು ಅಂತ ಕೂತಿದ್ದೇನೆ.

ಎಂಬಿಎ ಮಕ್ಕಳಿಗೆ ಕೇಸ್ ಸ್ಪರ್ಧೆ ಇತ್ತು, ಇಲ್ಲೇ ಶಿವಮೊಗ್ಗದಲ್ಲಿ. ಕೇಸ್ ಅಂದರೆ ಒಂದು ವ್ಯವಹಾರದ ಸಮಸ್ಯೆಯನ್ನು ಬರೆದು ಕೊಡೋದು, ಮಕ್ಕಳು ಅದಕ್ಕೆ ದಾರಿ ಹುಡುಕಬೇಕು. ನನ್ನನ್ನು ಜಡ್ಜ್ ಆಗಿ ಕರೆದಿದ್ದರು. “ಈ ಸಲದ ಕೇಸ್ ಅಡಿಕೆ ಮೇಲಿದೆ. ನೀವು ಇಪ್ಪತ್ತೆರಡು ವರ್ಷದಿಂದ ಅಡಿಕೆ ಲೆಕ್ಕದಲ್ಲೇ ಇದ್ದೀರಿ, ಬರಲೇಬೇಕು ಮೇಡಂ” ಅಂದರು. ನನ್ನ ಜೊತೆ ಇನ್ನಿಬ್ಬರಿದ್ದರು. ಒಬ್ಬರು ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಜಾಸ್ತಿ ಮಾತಿಲ್ಲ. ಆದರೆ ಪ್ರತಿ ಟೀಮಿನ ಮಕ್ಕಳ ಹೆಸರು ಬರೆದುಕೊಂಡು, ಹೆಸರು ಹಿಡಿದೇ ಮಾತಾಡಿಸಿದರು. ನನಗೆ ಅವರು ತುಂಬಾ ಹಿಡಿಸಿದರು. ಇನ್ನೊಬ್ಬರು ಬೆಂಗಳೂರಿನಿಂದ ಬಂದಿದ್ದ ಕನ್ಸಲ್ಟೆಂಟ್. ಸೋರ್ಸ್ ಕೇಳಿದ್ದು ಇವರು.

ಸ್ಪರ್ಧೆಯ ರೀತಿ ಗೊತ್ತಿರಬಹುದು. ಬೆಳಿಗ್ಗೆ ಒಂಬತ್ತಕ್ಕೆ ಕೇಸ್ ಕೈಗೆ ಕೊಡುತ್ತಾರೆ. ನಾಲ್ಕು ಜನರ ಟೀಮು, ಮೂರು ಗಂಟೆ ಸಮಯ, ಮೊಬೈಲ್ ಹೊರಗೆ. ಆಮೇಲೆ ಹದಿನೈದು ನಿಮಿಷ ಸ್ಲೈಡ್ ತೋರಿಸಿ ಮಾತಾಡಬೇಕು, ಹತ್ತು ನಿಮಿಷ ಪ್ರಶ್ನೆ. ಈ ಸಲದ ಕೇಸು ಹೀಗಿತ್ತು: ತೀರ್ಥಹಳ್ಳಿ ಕಡೆ ಬೆಳೆಗಾರರೇ ಸೇರಿ ನಡೆಸುವ ಒಂದು ಸಣ್ಣ ಘಟಕ. ಹಸಿ ಅಡಿಕೆ ರಾಶಿ ರಾಶಿ ಬರುತ್ತಿದೆ, ಸುಲಿಯೋಕೆ ಜನ ಸಾಲುತ್ತಿಲ್ಲ. ಕೊಯ್ದ ಅಡಿಕೆಯನ್ನು ಹಾಗೇ ಇಟ್ಟುಕೊಂಡು ಕೂರೋ ಹಾಗಿಲ್ಲ, ಬೇಗ ಸುಲಿದು ಬೇಯಿಸಬೇಕು. ಸಾಲ ಮಾಡಿ ಮೆಷಿನ್ ತರಬೇಕಾ, ಕೂಲಿ ಏರಿಸಿ ಜನರನ್ನೇ ಉಳಿಸಿಕೊಳ್ಳಬೇಕಾ? ಬರೆದದ್ದು ಅಲ್ಲಿನ ಲೆಕ್ಚರರ್ ಒಬ್ಬರು, ಚಿಕ್ಕ ವಯಸ್ಸಿನ ಹುಡುಗಿ. ತೋಟದ ಫಸಲು ಗುತ್ತಿಗೆ ಹಿಡಿಯುವ ಚೇಣಿದಾರರ ಹತ್ತಿರ, ಮಂಡಿಯವರ ಹತ್ತಿರ ಓಡಾಡಿ ಕೇಳಿ ಬರೆದಿದ್ದಾರೆ. ಓದಿದ ಕೂಡಲೇ ಗೊತ್ತಾಗುತ್ತಿತ್ತು.

ಮೊದಲ ಐದು ಟೀಮೂ ಮೆಷಿನ್ ಅಂದವು. ಸಾಲ ಎಷ್ಟು ವರ್ಷಕ್ಕೆ ತೀರುತ್ತದೆ, ಒಂದು ಕ್ವಿಂಟಾಲಿಗೆ ಎಷ್ಟು ಉಳಿಯುತ್ತದೆ, ಎಲ್ಲ ಲೆಕ್ಕ ನೀಟಾಗಿತ್ತು. ಚೆನ್ನಾಗಿಯೇ ಮಾತಾಡಿದರು.

ಆರನೇ ಟೀಮಿನಲ್ಲಿ ಲೆಕ್ಕದ ಸ್ಲೈಡ್ ಬಂದಾಗ ಒಬ್ಬ ಹುಡುಗಿ ಮುಂದೆ ಬಂದಳು. ಬ್ಲೇಜರ್ ಅವಳದಲ್ಲ ಅಂತ ನೋಡಿದರೆ ತಿಳಿಯುತ್ತಿತ್ತು, ತೋಳು ಉದ್ದವಾಗಿ ಒಳಗೆ ಮಡಚಿಕೊಂಡಿದ್ದಳು. ಪಾಯಿಂಟರ್ ಬಿಟ್ಟು, ಬೆರಳಲ್ಲೇ ಪರದೆ ಮುಟ್ಟಿ ತೋರಿಸಿದಳು. ಆಗ ನೋಡಿದೆ. ಹೆಬ್ಬೆರಳು, ತೋರುಬೆರಳು, ಅಂಗೈ ಅಂಚು ಎಲ್ಲ ಕಪ್ಪು. ಚೊಗರಿನ ಕಪ್ಪು, ಹಸಿ ಅಡಿಕೆಯ ರಸ ಅಂಟಿ ಆಗುವ ಕಲೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಪಿಗೆ ಹೋಗಲ್ಲ, ನಿಂಬೆಹುಳಿಗೂ ಹೋಗಲ್ಲ. ಉಗುರಿನ ಸಂದಿಯದಂತೂ ಉಗುರು ಬೆಳೆದು ಕತ್ತರಿಸಿದ ಮೇಲೇ ಹೋಗೋದು.

ಅವಳ ಟೇಬಲ್ ಬೇರೆಯವರ ಹಾಗಿರಲಿಲ್ಲ. ಉಳಿದ ಟೀಮಿನವರು ಒಬ್ಬರು ದಿನಕ್ಕೆ ಇಷ್ಟು ಸುಲಿಯುತ್ತಾರೆ ಅಂತ ಕೇಸಿನಲ್ಲಿದ್ದ ಒಂದೇ ಸಂಖ್ಯೆ ಹಿಡಿದಿದ್ದರು. ಇವಳು ಮೂರು ಭಾಗ ಮಾಡಿದ್ದಳು: ಸಂಜೆಯಿಂದ ಎಂಟರವರೆಗೆ, ಎಂಟರಿಂದ ಹತ್ತು, ಹತ್ತರ ಮೇಲೆ. ಒಂದೊಂದು ಭಾಗಕ್ಕೂ ತೂಕ ಇಳಿಯುತ್ತಾ ಹೋಗುತ್ತಿತ್ತು, ಕತ್ತಿ ತಾಗಿ ಹಾಳಾದ ಅಡಿಕೆ ಏರುತ್ತಾ ಹೋಗುತ್ತಿತ್ತು. “ಹತ್ತು ಗಂಟೆ ಮೇಲೆ ಕೈ ಓಡಲ್ಲ. ಚೊಗರು ಅಂಟಿ ಬೆರಳು ಬಿಗೀತದೆ, ಕಣ್ಣು ಎಳೀತದೆ. ಆ ಹೊತ್ತಲ್ಲೇ ಅಡಿಕೆ ಒಡೆಯೋದು, ಕೈ ಕೊಯ್ಯೋದು ಎರಡೂ ಜಾಸ್ತಿ” ಅಂದಳು. ಅದಕ್ಕೇ ರಾತ್ರಿ ಹತ್ತಕ್ಕೆ ಸುಲಿಯೋದು ನಿಲ್ಲಿಸಿ, ಮಿಕ್ಕ, ರಾಶಿ ದರ್ಜೆಯ ಅಡಿಕೆಗೆ ಒಂದೇ ಒಂದು ಮೆಷಿನ್ ತನ್ನಿ, ಸರಕು ಮಾಡುವ ಅಡಿಕೆ ಮಾತ್ರ ಕೈಯಲ್ಲೇ ಇರಲಿ ಅನ್ನೋದು ಅವಳ ಸಲಹೆ.

ನಾನು ಪೆನ್ನು ಕೆಳಗಿಟ್ಟೆ. ಸರಕು ಅಂದರೆ ನಮ್ಮ ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಮೇಲಿನ ದರದ ಅಡಿಕೆ. ಅದರ ಕೆಳಗೆ ಬೆಟ್ಟೆ, ರಾಶಿ. ಕೊನೆಗೆ ಗೊರಬಲು. ಗಾತ್ರ ಒಂದೇ ಸಮ ಇಲ್ಲದ ಅಡಿಕೆ ಮೆಷಿನ್ನಿಗೆ ಹಾಕಿದರೆ ಪೆಟ್ಟಾಗುತ್ತದೆ, ಪೆಟ್ಟಾದರೆ ದರ ಬಿದ್ದುಹೋಗುತ್ತದೆ. ಇದನ್ನು ಅರ್ಥ ಮಾಡಿಕೊಂಡು ಮೆಷಿನ್ನನ್ನೂ ಕೈಯನ್ನೂ ಬೇರೆ ಬೇರೆ ಕೆಲಸಕ್ಕೆ ಹಚ್ಚಿದ್ದು ಆರು ಟೀಮಿನಲ್ಲಿ ಅವಳೊಬ್ಬಳೇ.

ಆಗ ಬಂತು ಆ ಪ್ರಶ್ನೆ.

“ಈ ನಂಬರಿಗೆ ಸೋರ್ಸ್ ಏನು? ಕೇಸಿನಲ್ಲಿ ಇಲ್ವಲ್ಲ.”

“ನಾನೇ, ಸರ್.”

“ಅಂದ್ರೆ?”

“ನಾನು, ಅಮ್ಮ ಸುಲಿಯೋಕೆ ಹೋಗ್ತೀವಿ ಸರ್. ಮೊನ್ನೇನೂ ಹೋಗಿದ್ದೆ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕನ್ಸಲ್ಟೆಂಟ್ ಗದರಲಿಲ್ಲ. ಸಮಾಧಾನವಾಗಿಯೇ ಹೇಳಿದರು, “ನೋಡಮ್ಮ, ಸ್ವಂತ ಅನುಭವ ಡೇಟಾ ಆಗಲ್ಲ. ನಾಳೆ ಕ್ಲೈಂಟ್ ಮುಂದೆ ಹೀಗಂದ್ರೆ ನಿನ್ನ ಮಾತಿಗೆ ಬೆಲೆ ಇರಲ್ಲ.” ಹುಡುಗಿ “ಸರಿ ಸರ್” ಅಂದಳು. ಅಂದವಳು ಎರಡೂ ಕೈ ಹಿಂದೆ ಕಟ್ಟಿಕೊಂಡಳು. ಪ್ರಶ್ನೆಗಳು ಮುಗಿಯುವವರೆಗೆ ಆ ಕೈ ಮತ್ತೆ ಮುಂದೆ ಬರಲಿಲ್ಲ.

ನಾನು ಏನೂ ಹೇಳಲಿಲ್ಲ. ಮಾರ್ಕ್ಸ್ ಶೀಟಿನಲ್ಲಿ ಅವಳಿಗೆ ಎಲ್ಲರಿಗಿಂತ ಜಾಸ್ತಿ ಹಾಕಿದೆ. ಆದರೆ ಶೀಟು ಕವರಿಗೆ ಹೋಗುತ್ತದೆ, ಕವರು ಆಫೀಸಿಗೆ ಹೋಗುತ್ತದೆ. ಅವಳಿಗೆ ಕೇಳಿಸಿದ್ದು ಅವರ ಮಾತು ಮಾತ್ರ. ಅವಳ ಟೀಮಿಗೆ ಮೂರನೇ ಸ್ಥಾನ ಬಂತು. ಗೆದ್ದವರ ಮೇಲೆ ನನಗೆ ಬೇಜಾರಿಲ್ಲ, ಶ್ರಮಪಟ್ಟ ಮಕ್ಕಳು.

ಆ ಕನ್ಸಲ್ಟೆಂಟ್ ಕೆಟ್ಟವರಲ್ಲ. ಎರಡನೇ ಟೀಮಿಗೆ “ನಿಮ್ಮ ತೀರ್ಮಾನ ಮೊದಲ ಸ್ಲೈಡಿನಲ್ಲೇ ಹೇಳಿ, ಹತ್ತು ನಿಮಿಷ ಕಾಯಿಸಬೇಡಿ” ಅಂತ ಬುದ್ಧಿ ಹೇಳಿದರು. ಒಳ್ಳೆಯ ಮಾತು, ನಾನೂ ಕಲಿತೆ. ಸೋರ್ಸ್ ಕೇಳಿದ್ದೂ ತಪ್ಪಲ್ಲ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಸಂಖ್ಯೆ ನಂಬಿ ಸಾಲ ಕೊಟ್ಟು ಮುಳುಗಿದ ಸೊಸೈಟಿಗಳನ್ನು ನಾನೂ ಕಂಡಿದ್ದೇನೆ. ಕೇಳಬೇಕು. ಆದರೆ ಉತ್ತರ ಬಂದ ಮೇಲೆ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಎಷ್ಟು ರಾತ್ರಿ ಅಳೆದೆ? ಎಷ್ಟು ಜನರದ್ದು? ಅದನ್ನು ಅವರು ಕೇಳಲಿಲ್ಲ. ಪಕ್ಕದಲ್ಲೇ ಕೂತಿದ್ದ ನಾನೂ ಕೇಳಲಿಲ್ಲ.

ನನಗೆ ಯಾಕೆ ಇಷ್ಟು ತಟ್ಟಿತು ಅಂದರೆ, ನಾನು ತೋಟದ ಮನೆಯವಳು. ಸುಗ್ಗಿಯಲ್ಲಿ ನಮ್ಮ ಅಂಗಳದಲ್ಲಿ ಹದಿನೈದು ಇಪ್ಪತ್ತು ಹೆಂಗಸರು ಸಾಲಾಗಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರುತ್ತಿದ್ದರು. ಆ ಕಟ್ ಕಟ್ ಶಬ್ದ ಕೇಳುತ್ತಲೇ ನಾನು ನಿದ್ದೆ ಹೋಗುತ್ತಿದ್ದೆ. ಬೆಳಿಗ್ಗೆ ಏಳುವಾಗ ಹಂಡೆಯಲ್ಲಿ ಅಡಿಕೆ ಬೇಯುವ ವಾಸನೆ. ಅಪ್ಪ ಜಗಲಿ ಮೇಲೆ ಉದ್ದದ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದರು. ಹೆಸರು, ತೂಕ, ಕೂಲಿ. ಆ ಪುಸ್ತಕ ಈಗಲೂ ಇದೆ, ಭಾನುವಾರ ತೆಗೆದು ನೋಡಿದೆ. ಒಬ್ಬೊಬ್ಬರ ಮುಂದೆ ರಾತ್ರಿಗೆ ಒಂದೇ ತೂಕ. ಎಷ್ಟು ಹೊತ್ತಿಗೆ ಕೈ ನಿಧಾನವಾಯಿತು, ಯಾರ ಬೆರಳು ಕೊಯ್ಯಿತು, ಯಾವುದೂ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸುಲಿಯುವ ಖರ್ಚಿನ ಅಂದಾಜು ಮಾಡಿದ್ದು ಇಂಥ ಪುಸ್ತಕಗಳಿಂದಲೇ. ಸೋರ್ಸ್ ಏನು ಅಂತ ನನ್ನನ್ನು ಯಾರೂ ಕೇಳಲಿಲ್ಲ. ಜಗಲಿ ಮೇಲೆ ಕೂತು ಬರೆದರೆ ದಾಖಲೆ, ಅಂಗಳದಲ್ಲಿ ಸುಲಿದವಳು ಹೇಳಿದರೆ ಬರೀ ಅನುಭವ. ಇದು ನನಗೆ ಐವತ್ತು ಹತ್ತಿರ ಬಂದಾಗ ಹೊಳೆಯಬೇಕಾಯಿತು.

ಈ ಕೇಸ್ ಪದ್ಧತಿ ಹುಟ್ಟಿದ್ದೇ ಹೇಗೆ ಅಂತ ನೋಡಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಶುರುವಾಗಿದ್ದು 1908ರಲ್ಲಿ. ಆಗ ಕಲಿಸೋಕೆ ಸರಿಯಾದ ಪುಸ್ತಕಗಳೇ ಇರಲಿಲ್ಲ. ವ್ಯಾಪಾರ ಮಾಡುವವರನ್ನೇ ತರಗತಿಗೆ ಕರೆಸಿ, ನಿಮ್ಮ ತಲೆನೋವು ಏನು ಹೇಳಿ ಅಂತ ಕೇಳಿದರು. ಹುಡುಗರು ಅದಕ್ಕೆ ದಾರಿ ಹುಡುಕಿದರು. ಬರಹದ ಕೇಸು ಬಂದಿದ್ದು ಆಮೇಲೆ. 1921ರ ಮೊದಲ ಕೇಸು ಒಂದು ಶೂ ಕಂಪನಿಯದು. ಕೆಲಸಗಾರರು ಬಿಡುವ ಹೊತ್ತಿಗೆ ಮುಂಚೆಯೇ ಕೈ ನಿಲ್ಲಿಸುತ್ತಾರೆ, ಯಾಕೆ ಅನ್ನೋದು ವಿಷಯ. ನಮ್ಮ ದೇಶಕ್ಕೆ ಈ ಪದ್ಧತಿ ತಂದವರಲ್ಲಿ 1961ರಲ್ಲಿ ಶುರುವಾದ ಅಹಮದಾಬಾದಿನ ಐಐಎಂ ಮುಖ್ಯ, ಅದೂ ಹಾರ್ವರ್ಡ್ ಜೊತೆ ಸೇರಿಯೇ. ಕೈ ಯಾವ ಹೊತ್ತಿಗೆ ನಿಲ್ಲುತ್ತದೆ ಅನ್ನೋದೇ ಮೊದಲ ಕೇಸಾಗಿದ್ದರೆ, ನಮ್ಮ ಹುಡುಗಿ ಶನಿವಾರ ಹೇಳಿದ್ದೂ ಅದನ್ನೇ ಅಲ್ವಾ?

ಅಷ್ಟು ದೂರ ಯಾಕೆ. ನಮ್ಮಲ್ಲೇ 1939ರಲ್ಲಿ ಮ್ಯಾಮ್ಕೋಸ್ ಅನ್ನೋ ಅಡಿಕೆ ಮಾರಾಟದ ಸಹಕಾರ ಸಂಘ ಕಟ್ಟಿದವರು ಅಡಿಕೆ ಬೆಳೆಗಾರರು. ಬೆಳೆದ ಅಡಿಕೆಯನ್ನು ಮಾರೋ ಕಷ್ಟ ಅವರು ಸ್ವಂತ ಉಂಡದ್ದು. ಯಾರ ವರದಿಗೂ ಅವರು ಕಾದು ಕೂರಲಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಮ್ಮ ಸೊಸೈಟಿಗೆ ಕೆಲಸಕ್ಕೆ ಬರುವ ಅರ್ಜಿಗಳನ್ನು ನಾನೂ ನೋಡುತ್ತೇನೆ. ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಅರ್ಜಿಯಲ್ಲಿ ಟೀಮ್ ವರ್ಕ್, ಲೀಡರ್‌ಶಿಪ್ ಅಂತೆಲ್ಲ ಇತ್ತು. ಸುಮ್ನೆ ಮನೆ ವಿಷಯ ಕೇಳಿದೆ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಆವತ್ತಿನಿಂದ ಎರಡು ಎಕರೆ ತೋಟ ಇವನೇ ನೋಡುತ್ತಿದ್ದ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸೋದು, ಅಡಿಕೆ ಕೊನೆ ಕೊಯ್ಸೋದು, ಮಂಡಿಗೆ ಹಾಕೋದು, ಬ್ಯಾಂಕ್ ಸಾಲ ತೀರಿಸೋದು. “ಇದನ್ನ ಯಾಕೆ ಬರೆದಿಲ್ಲ?” ಅಂದೆ. “ಅದೆಲ್ಲ ಬರೆಯೋದಾ ಮೇಡಂ?” ಅಂದ. ಇಪ್ಪತ್ತು ತುಂಬುವ ಮೊದಲೇ ಒಂದು ವ್ಯವಹಾರ ನಡೆಸಿದ ಹುಡುಗ ಅದನ್ನೇ ಅರ್ಜಿಯಿಂದ ಬಿಟ್ಟಿದ್ದ. ಬೆಂಗಳೂರಿಗೆ ಕೆಲಸ ಹುಡುಕಿ ಹೋಗುವ ನಮ್ಮ ಮಕ್ಕಳು ಬ್ಲೇಜರ್ ಹಾಕಿಕೊಳ್ಳಲಿ, ಇಂಗ್ಲಿಷ್ ಕಲಿಯಲಿ, ಸ್ಲೈಡ್ ಚೆನ್ನಾಗಿ ಮಾಡಲಿ. ಎಲ್ಲ ಬೇಕು. ಆದರೆ ಗೊತ್ತಿರುವುದನ್ನು ಬಚ್ಚಿಡೋದು ಕಲಿತು ಹೋಗಬಾರದು. ಆ ಕೈ ಹಿಂದಕ್ಕೆ ಹೋದದ್ದು ನೆನೆದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಶನಿವಾರ ಸಂಜೆ ಅವಳನ್ನು ಹುಡುಕಿಕೊಂಡು ಹೋದೆ. ಬ್ಲೇಜರ್ ಮಡಚಿ ಕವರಿಗೆ ಹಾಕುತ್ತಿದ್ದಳು, ಹಾಸ್ಟೆಲಿನ ಗೆಳತಿಗೆ ಕೊಡಬೇಕಂತೆ. ಊರಿನ ಬಸ್ಸಿಗೆ ಅರ್ಧ ಗಂಟೆ ಇತ್ತು. “ಒಳಗೇ ನಾನು ಮಾತಾಡಬೇಕಿತ್ತು ಪುಟ್ಟಿ, ಮಾತಾಡಲಿಲ್ಲ. ನಿನ್ನ ಲೆಕ್ಕ ಸರಿ ಇದೆ” ಅಂದೆ.

“ಪರವಾಗಿಲ್ಲ ಮೇಡಂ. ನೀವು ಪೆನ್ನು ಕೆಳಗಿಟ್ಟು ಕೇಳ್ತಿದ್ರಿ, ನೋಡಿದೆ” ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಮುಂದಿನ ಸಲ ಸೋರ್ಸ್ ಅಂತ ಇರೋ ಕಡೆ ಏನು ಬರೀಬೇಕು ಮೇಡಂ?”

ಅಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿದೆ. ಎಷ್ಟು ರಾತ್ರಿ, ಎಷ್ಟು ಜನ, ಯಾವ ಗಂಟೆಯಿಂದ ಯಾವ ಗಂಟೆ, ಯಾವ ತಕ್ಕಡಿ. ಒಳ್ಳೆ ದಿನ ಮಾತ್ರ ಬರೆದು ಕೆಟ್ಟ ದಿನ ಬಿಡಬಾರದು. ಕೆಳಗೆ ತಾರೀಖು, ಊರು, ನಿನ್ನ ಹೆಸರು. ಅವಳು ಬೆರಳು ಮಡಚಿ ಎಣಿಸಿಕೊಂಡಳು. ಕಪ್ಪು ಬೆರಳು ಮತ್ತೆ ಮುಂದೆ ಬಂದಿತ್ತು.

ಸೋಮವಾರ ಆ ಲೆಕ್ಚರರಿಗೂ ಫೋನ್ ಮಾಡಿದೆ. ಮಕ್ಕಳು ತಾವೇ ಕಂಡು ಅಳೆದು ತಂದ ಲೆಕ್ಕಕ್ಕೆ ಮಾರ್ಕ್ಸ್ ಶೀಟಿನಲ್ಲಿ ಒಂದು ಸಾಲು ಇಡಿ ಅಂದೆ. ಬರೆದು ಕಳಿಸಿ ಮೇಡಂ ಅಂದರು. ಕಳಿಸಿದ್ದೇನೆ.

ಇವತ್ತು ಬೆಳಿಗ್ಗೆ ಹುಡುಗಿಯಿಂದ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ನೋಟ್‌ಬುಕ್ಕಿನ ಪುಟ. ಭಾನುವಾರ, ಸೋಮವಾರ, ಮಂಗಳವಾರ, ಮೂರು ರಾತ್ರಿ. ಐದು ಹೆಸರು, ಒಂದೊಂದಕ್ಕೂ ಮೂರು ತೂಕ. ಮಂಗಳವಾರದ ಕೊನೆಯ ಕಲಮಿನಲ್ಲಿ ಅಮ್ಮ ಅಂತ ಇರುವ ಕಡೆ ಸೊನ್ನೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘9:50, ಬೆರಳು ಕೊಯ್ದಿತು, ಎದ್ದರು’.

“ಮೇಡಂ, ಈ ಸೊನ್ನೆ ಆವರೇಜಿಗೆ ಸೇರಿಸಬೇಕಾ, ಬಿಡಬೇಕಾ?”

“ಸೇರಿಸು” ಅಂತ ಬರೆದೆ. “ಮೊದಲು ಅಮ್ಮನಿಗೆ ಟಿಟಿ ಇಂಜೆಕ್ಷನ್ ಹಾಕಿಸು.”

“ಹಾಕ್ಸಿ ಆಯ್ತು ಮೇಡಂ. ಇವತ್ತು ಸುಲಿಯಲ್ಲ, ತಕ್ಕಡಿ ಹತ್ರ ಕೂತು ತೂಕ ಬರ್ಕೋತಾರಂತೆ.”